ಏಳನೇ ಟ್ಯೂಬ್

"ಯಾರ ಕೈವಾಡ ಇದು?"

ಡಾ. ಭವಾನಿ ಪ್ಲಾಸ್ಟಿಕ್ ಪ್ಲೇಟನ್ನು ಮೇಜಿನ ಮೇಲೆ ಕುಕ್ಕಿದರು. ಅದರ ಸಾಲಿನಲ್ಲಿ ಹತ್ತು ಪುಟ್ಟ ಗುಳಿಗಳು. ಒಂಬತ್ತು ತಿಳಿನೀರಿನಂತಿದ್ದವು. ಏಳನೆಯದು ಮಾತ್ರ ಅರಿಶಿನ ಕಲಸಿದ ಹಾಗೆ ಹಳದಿ.

ಎದುರಿಗೆ ನಿಂತ ಕಿರಿಯ ಸಂಶೋಧಕಿ ನಿಖಿತಾ ಪ್ಲೇಟಿನ ಮೇಲೆ ಬಗ್ಗಿದಳು. ಗಿಂಡಿ ಬಡಾವಣೆಯ ಆ ಲ್ಯಾಬಿನಲ್ಲಿ ಭವಾನಿಯವರಿಗೆ ಎದುರುತ್ತರ ಕೊಟ್ಟು ಉಳಿದವರು ಯಾರೂ ಇರಲಿಲ್ಲ.

ಹಳದಿ ಎಂದರೆ ಪ್ರತಿಕಾಯ, ಅಂದರೆ ಆ್ಯಂಟಿಬಾಡಿ, ತನ್ನ ಗುರಿಯನ್ನು ಹಿಡಿದಿದೆ ಎಂದರ್ಥ. ಗುರಿ, ಮೇದೋಜ್ಜೀರಕ ಗ್ರಂಥಿಯ ಒಂದು ಪ್ರೋಟೀನ್. ಗ್ರಂಥಿ ಸೋಲತೊಡಗಿದಾಗ ಅದು ರಕ್ತಕ್ಕೆ ಸೋರುತ್ತದೆ. ಅಲ್ಲೇ ಹಿಡಿದರೆ ಸಕ್ಕರೆ ಕಾಯಿಲೆ ಬೇಗ ಸಿಕ್ಕಿಬೀಳುತ್ತದೆ. ನಿಖಿತಾ ಎರಡು ವರ್ಷ ಇಲಿಯ ಕೋಶಗಳನ್ನು ಬೆಸೆದು, ಸಾವಿರಾರನ್ನು ಸೋಸಿ, ಕೊನೆಗೆ ಒಂದೇ ಒಂದು ಕೋಶದಿಂದ ಬೆಳೆಸಿದ 'ಕ್ಲೋನ್ ಮೂವತ್ತೊಂದು' ಎಂಬ ಕೋಶಗಳ ಸಂತತಿ ಈ ಪ್ರತಿಕಾಯವನ್ನು ತಯಾರಿಸುತ್ತಿತ್ತು. ರೋಗಿಗಳ ರಕ್ತದಲ್ಲಿ ಅದು ಒಮ್ಮೆಯೂ ತಪ್ಪಿರಲಿಲ್ಲ. ಆರೋಗ್ಯವಂತರ ರಕ್ತದಲ್ಲಿ ಅದು ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಆರೋಗ್ಯವಂತರು ಎಂದರೆ ಲ್ಯಾಬಿನ ಹತ್ತು ಜನವೇ. ತಿಂಗಳಿಗೊಮ್ಮೆ ನರ್ಸ್ ಅಂಬುಜಮ್ಮ ಪೆರಂಬೂರಿನಿಂದ ಬಂದು ರಕ್ತ ತೆಗೆದು, ಟ್ಯೂಬಿನ ಮೇಲೆ ಬರೀ ಸಂಖ್ಯೆ ಬರೆದಿಟ್ಟು ಹೋಗುತ್ತಿದ್ದರು. ಒಂದೊಂದು ಟ್ಯೂಬಿನ ಹನಿಗೆ ಪ್ಲೇಟಿನಲ್ಲಿ ಅದೇ ಸಂಖ್ಯೆಯ ಗುಳಿ. ಅವರಿಗೆ ಸಂಖ್ಯೆ ಯಾರದೆಂದು ಗೊತ್ತು, ಫಲಿತಾಂಶ ಗೊತ್ತಿಲ್ಲ. ಲ್ಯಾಬಿನವರಿಗೆ ಫಲಿತಾಂಶ ಗೊತ್ತು, ಸಂಖ್ಯೆ ಯಾರದೆಂದು ಗೊತ್ತಿಲ್ಲ. ಹೆಸರಿನ ಪಟ್ಟಿ ಅರಗು ಹಾಕಿದ ಲಕೋಟೆಯಲ್ಲಿತ್ತು. ಕ್ಲೋನನ್ನು ಉಳಿಸಬೇಕೋ ಕೊಲ್ಲಬೇಕೋ ತೀರ್ಮಾನವಾದ ಮೇಲಷ್ಟೇ ಅದನ್ನು ತೆರೆಯಬೇಕು. ನಿಯಮ ಭವಾನಿಯವರದೇ. ಹೆಸರು ಗೊತ್ತಾದರೆ ಕಣ್ಣು ಪಕ್ಷಪಾತ ಮಾಡುತ್ತದೆ ಎನ್ನುತ್ತಿದ್ದರು.

ಮಾರ್ಚ್‌ವರೆಗೆ ಹತ್ತೂ ತಿಳಿಯಾಗಿದ್ದವು. ಏಪ್ರಿಲ್‌ನಲ್ಲಿ ಏಳನೆಯದು ಕೊಂಚ ಮಾಸಲು. ಮೇ ತಿಂಗಳಲ್ಲಿ ಈ ಹಳದಿ.

ಭವಾನಿಯವರ ಲೆಕ್ಕಾಚಾರ ಮುಗಿದಿತ್ತು. ನಿಖಿತಾ ಹೋದ ವಾರ ರಜೆ ಹಾಕಿ ಹೈದರಾಬಾದಿಗೆ ಹೋಗಿಬಂದಿದ್ದಳು, ಬೇರೆ ಕಂಪನಿಯ ಸಂದರ್ಶನಕ್ಕೆ. ಇಲ್ಲಿ ಕೆಡಿಸಿ ಅಲ್ಲಿ ಹೆಸರು ಮಾಡುವ ಹುನ್ನಾರ. ರೋಗಿಯೊಬ್ಬರ ರಕ್ತವನ್ನು ಏಳನೇ ಟ್ಯೂಬಿಗೆ ಸುರಿಯಲು ಎಷ್ಟು ಹೊತ್ತು ಬೇಕು?

ಈ ಊರಿನಲ್ಲಿ ಎಲ್ಲರೂ ತಮ್ಮನ್ನು ಏಮಾರಿಸುವವರೇ ಎಂದು ಅವರಿಗೆ ಇತ್ತೀಚೆಗೆ ಖಾತ್ರಿಯಾಗಿತ್ತು. ಅಳತೆಗೆ ಹಳೇ ರವಿಕೆ ಕೊಟ್ಟಿದ್ದರೂ ಟೈಲರ್ ಹೊಸದನ್ನು ದೊಗಳೆಯಾಗಿ ಹೊಲಿದಿದ್ದ. ಕನ್ನಡಕದ ಅಂಗಡಿಯವನು ಎರಡನೇ ಸಲವೂ ತಪ್ಪು ಗಾಜು ಕೂರಿಸಿದ್ದ. ವಾರಕ್ಕೆ ಬರುತ್ತಿದ್ದ ನೀರಿನ ಕ್ಯಾನ್ ಈಗ ಮೂರೇ ದಿನಕ್ಕೆ ಖಾಲಿ, ತರುವವನು ಅರ್ಧಕ್ಕೇ ಮುಚ್ಚಳ ಬಿಗಿಯುತ್ತಿರಬೇಕು. ಒಬ್ಬೊಬ್ಬರ ಜೊತೆಗೂ ಜಗಳವಾಗಿತ್ತು. ಈಗ ಇವಳ ಸರದಿ.

"ಟ್ಯೂಬ್ ಬದಲಾಯ್ಸಿಲ್ಲ ಮೇಡಂ," ನಿಖಿತಾ ಕೊನೆಗೂ ಹೇಳಿದಳು. "ಮೂರು ಸಲ ಮಾಡ್ದೆ. ಮೂರು ಸಲಾನೂ ಏಳೇ ಹಳದಿ."

"ಹಾಗಾದ್ರೆ ನಿನ್ನ ಕ್ಲೋನ್ ಸುಳ್ಳು ಹೇಳ್ತಿದೆ."

"ಅದು ಸುಳ್ಳು ಹೇಳಲ್ಲ."

"ಅದಲ್ಲದಿದ್ರೆ ನೀನು. ಎರಡರಲ್ಲಿ ಒಂದು ಆರಿಸ್ಕೋ."

ತಾಂಬರಂನಿಂದ ದಿನಾ ಟ್ರೈನಿನಲ್ಲಿ ನಿಂತೇ ಬರುವ ಹುಡುಗಿ ನಿಖಿತಾ ಈಚೆಗೆ ಬಹಳ ಸೊರಗಿದ್ದಳು. ಡಬ್ಬಿಯ ಊಟ ಹಾಗೇ ವಾಪಸು ಹೋಗುತ್ತಿತ್ತು.

"ಲಕೋಟೆ ತೆಗೀರಿ ಮೇಡಂ. ದಯವಿಟ್ಟು. ಏಳು ನಂದೇ ಇರಬಹುದು. ನಮ್ಮಪ್ಪ ಸಕ್ಕರೆ ಕಾಯಿಲೆಯಿಂದಾನೇ ಹೋಗಿದ್ದು."

ಭವಾನಿ ನಕ್ಕರು. "ಕ್ಲೋನ್ ಉಳಿಸ್ಕೊಳ್ಳೋಕೆ ಕಾಯಿಲೇನೇ ತಂದ್ಕೊಂಡ್ಯಾ? ಜನವರೀಲಿ ಹತ್ತೂ ಜನರ ಸಕ್ಕರೆ ನೋಡಿದೀವಿ. ಎಲ್ಲಾ ಸರಿ ಇತ್ತು."

"ಅದು ಜನವರಿ ಮೇಡಂ. ಇದು ಮೇ."

ಆ ಮಾತು ಭವಾನಿಯವರಿಗೆ ಚುರುಕ್ಕೆಂದಿತು. ತಮಗೇ ಪಾಠ ಹೇಳುವಷ್ಟು ಬೆಳೆದಳೇ ಇವಳು?

"ಲಕೋಟೆ ತಾನೇ? ತೆಗೆಯೋಣ. ಕ್ಲೋನ್ ಸಾಯಲಿ, ಆಮೇಲೆ."

ನಿಖಿತಾ ಅಡ್ಡ ಬಂದಳು. ಭವಾನಿ ಅವಳನ್ನು ಪಕ್ಕಕ್ಕೆ ಸರಿಸಿ, ಬೆಚ್ಚನೆಯ ಪೆಟ್ಟಿಗೆಯಿಂದ ಕ್ಲೋನ್ ಬೆಳೆಯುತ್ತಿದ್ದ ಫ್ಲಾಸ್ಕ್ ತೆಗೆದು ತಾವೇ ಬ್ಲೀಚ್ ಸುರಿದರು. ಗುಲಾಬಿ ದ್ರವ ನೋಡನೋಡುತ್ತಲೇ ಬಣ್ಣ ಕಳೆದುಕೊಂಡಿತು. ಶೈತ್ಯದಲ್ಲಿ ಕಾಪಿಟ್ಟಿದ್ದ ಅದೇ ಕೋಶಗಳ ಆರು ಸೀಸೆಗಳಿಗೂ ಅದೇ ಗತಿಯಾಯಿತು. ಇನ್ನು ಆ ಕೋಶ ಭೂಮಿಯ ಮೇಲೆ ಎಲ್ಲೂ ಇಲ್ಲ. ನಿಖಿತಾ ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತಳು. ಭವಾನಿಯವರಿಗೆ, ಮುಚ್ಚುಮರೆ ಯಾಕೆ, ಖುಷಿಯಾಯಿತು.

"ರಾಜೀನಾಮೆ ಬರೆದಿಟ್ಟು ಹೋಗು. ಅದಕ್ಕೆ ಮುಂಚೆ ಇದೂ ಮುಗೀಲಿ."

ಅವರು ಬಾಟಲಿಯ ನೀರನ್ನೆಲ್ಲ ಗಟಗಟನೆ ಕುಡಿದು ಅರಗು ಒಡೆದರು. ಅಕ್ಷರಗಳು ಕಲಸಿಕೊಂಡು ಕಂಡವು. ಕನ್ನಡಕದ ಅಂಗಡಿಯವನನ್ನು ಮನಸ್ಸಿನಲ್ಲೇ ಶಪಿಸಿ, ಮುಂದಿನ ತಿಂಗಳ ಟ್ಯೂಬುಗಳನ್ನು ಇಟ್ಟುಹೋಗಲು ಆಗಷ್ಟೇ ಬಂದಿದ್ದ ಅಂಬುಜಮ್ಮನ ಕೈಗೆ ಪಟ್ಟಿ ಕೊಟ್ಟರು.

"ಓದಿ ಅಂಬುಜಮ್ಮ. ಏಳನೆಯವರಿಗೆ ಸಕ್ಕರೆ ಕಾಯಿಲೆ ಅಂತೆ. ಯಾರೂಂತ ಎಲ್ಲರಿಗೂ ಗೊತ್ತಾಗ್ಲಿ."

ಅಂಬುಜಮ್ಮ ಪಟ್ಟಿ ನೋಡಲೇ ಇಲ್ಲ. "ವೇಂಡಾ ಮಾ, ಬೇಡ. ಆಮೇಲೆ ನಿಮಗೊಬ್ರಿಗೇ ಹೇಳ್ತೀನಿ."

"ಎಲ್ಲರೆದುರೇ ಓದಿ," ಎಂದರು ಭವಾನಿ, ನಿಖಿತಾಳ ಮುಖದಿಂದ ಕಣ್ಣು ಕೀಳದೆ.

ಅಂಬುಜಮ್ಮ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅವರ ಅಂಗೈಯಲ್ಲಿಟ್ಟರು.

"ನಿಖಿತಾದು ನಾಲ್ಕು. ಏಳು ನಿಮ್ಮದು ಮಾ."