ಕೊನೆಯ ಫೈಟು

ಹಳೇ ಕಾಲದ ಫೈಟಿನ ಹುಚ್ಚಿಗೆ ಮನೆ ಮಾರಿ ಕರಾಟೆ ಸಿನಿಮಾ ತೆಗೆಯುತ್ತಿದ್ದವಳ ಕಣ್ಣೆದುರೇ ಕಳ್ಳನೊಬ್ಬ ಕ್ಯಾಮೆರಾ ಎತ್ತಿಕೊಂಡ. ಇಡೀ ಸಿನಿಮಾ ಅದರೊಳಗೇ ಇತ್ತು.

“ಹಿಡೀರಿ ಅವನ್ನ! ನನ್ನ ಜೀವ ಇರೋದೇ ಅದ್ರಲ್ಲಿ!” ಎಂದು ಚೀರಿದಳು.

ರೌಡಿ ಪಾತ್ರಗಳಲ್ಲೇ ತಲೆ ನರೆತಿದ್ದ ಆರು ಫೈಟರುಗಳು ಕಳ್ಳನನ್ನು ಸುತ್ತುವರಿದರು. ಮೊದಲನೆಯವನು ನುಗ್ಗಿ, ಒದೆ ತಿಂದು ಉರುಳಿದ. ಮಿಕ್ಕವರು ಮುಷ್ಟಿ ಬಿಗಿದು ಸುತ್ತಲೂ ಕುಣಿದರು. ಆಮೇಲೆ ಎರಡನೆಯವನು ನುಗ್ಗಿದ, ಬಿದ್ದ. ಹೀಗೇ ಆರನೆಯವನೂ ಬಿದ್ದ ಮೇಲೆ ಕಳ್ಳ ಬೈಕ್ ಹತ್ತಿ ಹೋಗಿಯೇಬಿಟ್ಟ.

ಅವಳು ಮಣ್ಣಿನಲ್ಲಿ ಕುಸಿದಳು. “ಅವನೊಬ್ಬ, ನೀವು ಆರು ಜನ! ಎಲ್ರೂ ಒಟ್ಟಿಗೆ ಮೇಲೆ ಬೀಳೋಕೆ ಏನಾಗಿತ್ತು ಮಾಸ್ಟರ್?”

ಹಿರಿಯ ಫೈಟರ್ ತುಟಿಯ ರಕ್ತ ಒರೆಸಿಕೊಳ್ಳುತ್ತ ಬೆರಗಾಗಿ ಅವಳನ್ನು ನೋಡಿದ.

“ಒಟ್ಟಿಗೇನಾ? ಒಬ್ಬ ಬಿದ್ದ ಮೇಲೆ ತಾನೆ ಮೇಡಂ, ಇನ್ನೊಬ್ಬ ಹೋಗೋದು?”