ಬೋರ್ಗಿಲ್ಡಳ ಕಿಟಕಿ

ಹೆಂಡತಿಯ ಕೋಣೆಯ ಕಿಟಕಿ ತೆರೆದಿತ್ತು. ವೃದ್ಧಾಶ್ರಮದ ಅಂಗಳದ ಹಿಮದಲ್ಲಿ ಹಾಲ್ವೋರ್ ನಿಂತಲ್ಲೇ ನಿಂತುಬಿಟ್ಟ. ಅವನ ಕೈ ತಾನಾಗಿ ಮೇಲೆ ಹೋಗಿ ಉಣ್ಣೆಯ ಟೋಪಿ ತೆಗೆಯಿತು. ಚಳಿಗಾಲದಲ್ಲಿ ಇಲ್ಲಿ ಕಿಟಕಿ ತೆರೆಯುವುದು ಒಂದೇ ಕಾರಣಕ್ಕೆ: ಯಾರಾದರೂ ಕೊನೆಯುಸಿರೆಳೆದಾಗ, ಜೀವ ಹೊರಗೆ ಹೋಗಲೆಂದು.

ನಿನ್ನೆಯೂ ಬೋರ್ಗಿಲ್ಡ್ ಬೇಡಿದ್ದಳು. "ಹೀಟರ್ ಹಾಕಿ ಒಣಮೀನು ಮಾಡ್ತಿದಾರೆ ನನ್ನ. ನಾವು ಒಣಗಿಸ್ತಿದ್ದ ಮೀನಿಗಾದ್ರೂ ಗಾಳಿ ಸಿಕ್ತಿತ್ತು ಕಣೋ. ಒಂದು ಬೆರಳಷ್ಟು ತೆಗಿ, ಸಾಕು."

"ಶೀತ ಎದೆಗಿಳಿದ್ರೆ ಏನ್ಮಾಡ್ತೀಯ? ಸುಮ್ನೆ ಮಲಕ್ಕೋ," ಎಂದು ಗದರಿ, ಅವಳ ಹಣೆಯ ಬೆವರು ಒರೆಸಿ, ಹೊದಿಕೆಯನ್ನು ಗದ್ದದವರೆಗೆ ಎಳೆದಿದ್ದ. ಹೊರಡುವ ಮುಂಚೆ ಕಿಟಕಿಯ ಚಿಲಕವನ್ನು ಮತ್ತೊಮ್ಮೆ ಒತ್ತಿ ನೋಡಿದ್ದ.

ಮೆಟ್ಟಿಲು ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲ. ಬಾಗಿಲಲ್ಲಿ ಹೊಸ ದಾದಿ ರಾಗ್ನಿ ಎದುರಾದಳು. "ಬೈಬೇಡಿ ಅಜ್ಜಾ. ಒಳಗೆ ಒಲೆ ಥರ ಕಾಯ್ತಿತ್ತು. ಅಜ್ಜಿ ಕೇಳಿದ್ರು, ತೆಗೆದುಬಿಟ್ಟೆ."

ಬೋರ್ಗಿಲ್ಡ್ ದಿಂಬಿಗೊರಗಿ, ಕಣ್ಣು ಮುಚ್ಚಿ, ಗಾಳಿಗೆ ಮುಖವೊಡ್ಡಿದ್ದಳು. ಎಷ್ಟೋ ದಿನಗಳ ಮೇಲೆ ಅವಳ ಕೆನ್ನೆಗೆ ಬಣ್ಣ ಬಂದಿತ್ತು. ಕಣ್ಣು ತೆರೆದು ಗಂಡನ ಬಿಳಿಚಿದ ಮುಖವನ್ನೂ ಕೈಯಲ್ಲಿದ್ದ ಟೋಪಿಯನ್ನೂ ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಯಿತು.

"ಇನ್ನೂ ಹೋಗಿಲ್ಲ ಕಣೋ, ಮುದುಕಾ," ಎಂದಳು ಮೆಲ್ಲಗೆ. "ಹೋದ್ಮೇಲೆ ತೆಗೆದ್ರೆ ನಂಗೇನು ಬಂತು?"

ಹಾಲ್ವೋರ್ ಕಿಟಕಿಯ ಬಳಿ ಹೋಗಿ ಚಿಲಕದ ಮೇಲೆ ಕೈಯಿಟ್ಟ. ಆಮೇಲೆ ಇನ್ನೊಂದು ಕದವನ್ನೂ ಅಗಲವಾಗಿ ತೆರೆದು, ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು, ಅವಳ ಪಕ್ಕ ಕುಳಿತ.