ಹನ್ನೆರಡು ಹೆಜ್ಜೆ

ಮೂರು ಗುಂಡುಗಳೂ ಒಂದು ಗೇಣು ಎಡಕ್ಕೇ ಬಿದ್ದವು. ಅಂಗಡಿಯ ಹಿಂದಿನ ಮರಳು ದಿಬ್ಬಕ್ಕೆ ಚುಚ್ಚಿದ್ದ ಕಾಗದವನ್ನು ಕಿತ್ತು ತಂದ ಕಾಶಿನಾಥ ಅದನ್ನು ರಮಜಾನನ ಮೇಜಿನ ಮೇಲೆ ಕುಕ್ಕಿದ. ರಿವಾಲ್ವರ್ ಅವನ ತಂದೆ ಶಿದ್ಲಿಂಗಪ್ಪನದು. ತಂದೆ ತೀರಿಕೊಂಡು ಹತ್ತು ತಿಂಗಳಾಗಿತ್ತು, ಲೈಸೆನ್ಸು ಮಗನ ಹೆಸರಿಗೆ ಬಂದು ಎಂಟು ದಿನ. ಇದರ ಗುರಿ ನೆಟ್ಟಗೆ ಮಾಡಿಕೊಡಿ, ನಾಡಿದ್ದು ಖಂಡೆಪೂಜೆ, ಈ ಸಲ ಬಾಳೆದಿಂಡಿಗೆ ಗುಂಡು ತಾಗಿಸಿಯೇ ತೀರುತ್ತೇನೆ ಎಂದ.

ಕಲಘಟಗಿಯಲ್ಲಿ ನಲವತ್ತು ವರ್ಷದಿಂದ ಕೋವಿ ರಿಪೇರಿ ಮಾಡಿಕೊಂಡು ಬಂದ ರಮಜಾನನಿಗೆ ಶಿದ್ಲಿಂಗಪ್ಪನ ಗುರಿಯ ಕಥೆ ಹೊಸದೇನಲ್ಲ. ಆಯುಧಕ್ಕೆ ಪೂಜೆ ಮಾಡಿ, ಹೊಲದಲ್ಲಿ ಬಾಳೆದಿಂಡು ನೆಟ್ಟು, ಮನೆಯ ಯಜಮಾನ ಒಂದೇ ಒಂದು ಗುಂಡು ಹಾರಿಸುವುದು ಆ ಮನೆತನದ ರೂಢಿ. ಶಿದ್ಲಿಂಗಪ್ಪ ಹದಿನೆಂಟು ವರ್ಷ ಹಾರಿಸಿದ, ಹದಿನೆಂಟು ವರ್ಷವೂ ತಪ್ಪಿದ. ಇವನ ಗುಂಡಿಗೆ ಗುಬ್ಬಿಯೂ ಅಂಜುವುದಿಲ್ಲ ಎಂದು ಊರಿಗೆ ಊರೇ ಹಲ್ಲು ಕಿಸಿಯುತ್ತಿತ್ತು. ಅವನೋ, ಬೈಸಿಕೊಂಡ ಹುಡುಗನ ಹಾಗೆ ಸುಮ್ಮನೆ ಮನೆಗೆ ಹೋಗುತ್ತಿದ್ದ.

ರಮಜಾನ ರಿವಾಲ್ವರನ್ನು ಖಾಲಿ ಮಾಡಿ ಮೇಜಿನ ಇಕ್ಕಳಕ್ಕೆ ಬಿಗಿದ. ಹಿತ್ತಾಳೆಯ ಮೊಳೆ, ಸಣ್ಣ ಸುತ್ತಿಗೆ ತೆಗೆದ. ಗುಂಡು ಬಲಕ್ಕೆ ಬರಬೇಕೆಂದರೆ ಕಣ್ಣಿನ ಹತ್ತಿರದ ಕಚ್ಚನ್ನು ಬಲಕ್ಕೇ ಸರಿಸಬೇಕು, ಕೂದಲೆಳೆಯಷ್ಟು ಸಾಕು. ಮೇಲೆ ಕೆಳಗೆ ಆಗುವುದನ್ನು ನಳಿಗೆಯ ತುದಿಯ ಮೊನೆಯಲ್ಲಿ ತಿದ್ದಬೇಕು, ಅದಕ್ಕೆ ಮಾತ್ರ ದೂರ ಗೊತ್ತಿರಬೇಕು. ಹಾಗಾಗಿ ಬಂದವರಿಗೆಲ್ಲ ಕೇಳುವ ಮಾತನ್ನೇ ಇವನಿಗೂ ಕೇಳಿದ.

“ಎಷ್ಟು ದೂರಕ್ಕ ಕೂಡಸ್ಲೆಪಾ?”

“ಹನ್ನೆರಡು ಹೆಜ್ಜಿ,” ಎಂದ ಕಾಶಿನಾಥ, ತಡವರಿಸದೆ.

“ಬಾಳಿದಿಂಡು ನೆಡೂದು ಇಪ್ಪತ್ತೈದು ಹೆಜ್ಜಿಗಲ್ಲೇನು?”

ಕಾಶಿನಾಥ ಮೇಜಿನ ಮೇಲಿನ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡ. ಅಂಗಳದ ಗೋಡೆಯ ಜಗಳದಲ್ಲಿ ಅವನ ಚಿಕ್ಕಪ್ಪನ ಮಗ, ಎದುರು ಮನೆಯ ಈರಪ್ಪ, ಹಿರಿಯರ ಮುಂದೆಯೇ ಅವನ ಕೆನ್ನೆಗೆ ಬಾರಿಸಿದ ಸುದ್ದಿ ಹೋದ ವಾರದ ಸಂತೆಯಲ್ಲೇ ರಮಜಾನನ ಕಿವಿಗೆ ಬಿದ್ದಿತ್ತು. ರಮಜಾನ ಸುತ್ತಿಗೆ ಕೆಳಗಿಟ್ಟ. ಯಾ ಅಲ್ಲಾ, ಈ ವಯಸ್ಸಿನಲ್ಲಿ ಇದೂ ನನ್ನ ಕೈಯಲ್ಲೇ ಆಗಬೇಕೇ ಎಂದುಕೊಂಡ.

“ನಿಮ್ಮ ಕಟ್ಟಿಯಿಂದ ಈರಪ್ಪನ ಬಾಗಲಕ್ಕ ಹನ್ನೆರಡು ಹೆಜ್ಜಿ,” ಎಂದ. “ನಿಮ್ಮಪ್ಪಾರೂ ಎಣಿಸಿದ್ರು.”

ಆಮೇಲೆ ರಮಜಾನ ಒಂದನ್ನೂ ಮುಚ್ಚಿಡದೆ ಹೇಳಿದ. ಹದಿನೆಂಟು ವರ್ಷದ ಹಿಂದೆ, ಸಿಟ್ಟು ನೆತ್ತಿಗೇರಿದ ಹೊತ್ತಿನಲ್ಲಿ, ಶಿದ್ಲಿಂಗಪ್ಪ ಎದುರು ಬಾಗಿಲಲ್ಲಿ ನಿಂತ ಒಡಹುಟ್ಟಿದ ತಮ್ಮನ ಮೇಲೆ, ಅಂದರೆ ಈರಪ್ಪನ ತಂದೆಯ ಮೇಲೆ, ಗುಂಡು ಹಾರಿಸಿಬಿಟ್ಟಿದ್ದ. ಕೈ ನಡುಗಿತ್ತು, ಗುಂಡು ಬಾಗಿಲ ಚೌಕಟ್ಟಿಗೆ ನೆಟ್ಟಿತ್ತು. ಮನೆತನದ ಮಾನಕ್ಕೆ ಅಂಜಿ ಅಣ್ಣ ತಮ್ಮ ಇಬ್ಬರೂ ಬಾಯಿ ಹೊಲಿದುಕೊಂಡರು. ಮರುದಿನ ಶಿದ್ಲಿಂಗಪ್ಪ ಇದೇ ಮೇಜಿನ ಮುಂದೆ ಕೂತು ಅತ್ತಿದ್ದ. ಮುಂದಿನ ಸಲ ಕೈ ನಡುಗಲಿಕ್ಕಿಲ್ಲ ರಮಜಾನ, ಇದರ ಗುರಿ ಕೆಡಿಸಿಕೊಡು ಎಂದಿದ್ದ. ಸರಕಾರಕ್ಕೇ ಒಪ್ಪಿಸಿಬಿಡಿ ಎಂದು ರಮಜಾನ ಹೇಳಿದರೆ, ತನ್ನ ಅಪ್ಪ ಪೂಜಿಸಿದ ಆಯುಧವನ್ನು ಹೊರಗೆ ಹಾಕಲು ಅವನಿಗೆ ಮನಸ್ಸಾಗಲಿಲ್ಲ. ಯಾವ ಕಡೆ ಕೆಡಿಸಿದೆ ಎಂದು ನನಗೂ ಹೇಳಬೇಡ, ಗೊತ್ತಾದರೆ ಅದಕ್ಕೆ ತಕ್ಕಂತೆ ಓರೆ ಹಿಡಿದು ಹೊಡೆದೇನು ಎಂದಿದ್ದ. ಪೂಜೆಯ ದಿನ ಗುಂಡು ಎಲ್ಲಿ ಬಿತ್ತೆಂದು ಕಣ್ಣಿಗೆ ಕಂಡೇ ಕಾಣುತ್ತದಲ್ಲ. ಅದಕ್ಕೆ ಪ್ರತಿ ವರ್ಷ ಮರುದಿನವೇ ಎಣ್ಣೆ ಹಾಕಿಸುವ ನೆವದಲ್ಲಿ ಬಂದು ಮೇಜಿಗೆ ಬೆನ್ನು ಮಾಡಿ ನಿಂತು, ಗುರಿಯನ್ನು ರಮಜಾನನಿಂದ ಮತ್ತೊಂದು ಕಡೆಗೆ ಕೆಡಿಸಿಕೊಂಡು ಹೋಗುತ್ತಿದ್ದ.

ಕಾಶಿನಾಥ ಗುಂಡು ತೂರಿದ ಕಾಗದವನ್ನು ಕೈಗೆತ್ತಿಕೊಂಡು ಅಲ್ಲೇ ಕೂತ.

“ಊರ ಮಂದಿ ನಗುವಾಗ ಒಂದ್ ಮಾತು ಹೇಳಬಾರದಿತ್ತೇನ್ರಿ ಚಾಚಾ? ನಾನೂ ನಕ್ಕೀನಿ.”

“ನಗೂವರೊಳಗ ನಿಮ್ಮ ಕಾಕಾನೂ ಇರ್ತಿದ್ದ. ನನ್ನ ತಮ್ಮ ಜೀವಂತ ಕುಂತು ನಗತಾನಲ್ಲ, ನನಗಷ್ಟ ಸಾಕು ಅಂತಿದ್ರು ನಿಮ್ಮಪ್ಪ.”

ಹೊರಗೆ ಹುಬ್ಬಳ್ಳಿ ಬಸ್ಸು ಹಾರನ್ ಹೊಡೆಯುತ್ತ ಹಾದುಹೋಯಿತು. ರಮಜಾನ ಮತ್ತೆ ಸುತ್ತಿಗೆ ಎತ್ತಿಕೊಂಡ. ಆಯುಧ ನಿನ್ನದು, ಲೈಸೆನ್ಸೂ ನಿನ್ನದು, ನೆಟ್ಟಗಾಗಲು ಒಂದೇ ಏಟು ಸಾಕು, ಏನು ಮಾಡಲಿ ನೀನೇ ಹೇಳು ಎಂದ.

 ಕಾಶಿನಾಥ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಎದ್ದ. ಮೇಜಿಗೆ ಬೆನ್ನು ತಿರುಗಿಸಿ, ಬೀದಿಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿಕೊಂಡು ನಿಂತ.